ಅಕ್ಕಿ ಅಗಿಯುವ ಅತ್ತೆ, ಊಟದ ಮೇಲಿನ ಕಾಫಿ

ನಮ್ಮ ಸೋದರತ್ತೆ ಮೊರ ಹಿಡಿದು ಅಕ್ಕಿ ಆರಿಸಲು ಕೂತರೆ ನಡುನಡುವೆ ಒಂದೊಂದು ಚಿಟಿಕೆ ಅವರ ಬಾಯಿಗೂ ಹೋಗುತ್ತಿತ್ತು. ಅಕ್ಕಿ ತಿಂದರೆ ಮದುವೆ ದಿನ ಮಳೆ ಬರುತ್ತದೆ ಎಂದು ಹೆಣ್ಣುಮಕ್ಕಳನ್ನು ಹೆದರಿಸುವ ಮಾತಿದೆಯಲ್ಲ, ಅತ್ತೆಗೆ ಆಗಲೇ ಮದುವೆಯಾಗಿ ಎಂಟು ವರ್ಷವಾಗಿತ್ತು, ಆ ಮಾತು ಅವರನ್ನು ತಡೆಯುವಂತಿರಲಿಲ್ಲ. ಮಕ್ಕಳ ಬಳಪವೂ ಸದ್ದಿಲ್ಲದೆ ಖಾಲಿಯಾಗುತ್ತಿತ್ತು. ಮನೆಯವರಿಗೆ ಅವರ ಮೇಲೆ ಇನ್ನೆರಡು ದೂರುಗಳಿದ್ದವು. ಸಣ್ಣ ಮಾತಿಗೂ ಸಿಡುಕುತ್ತಾಳೆ, ಮಧ್ಯಾಹ್ನವಾದರೆ ಚಾಪೆ ಬಿಟ್ಟು ಏಳುವುದಿಲ್ಲ. ಅಕ್ಕಿ, ಸಿಡುಕು, ಚಾಪೆ ಮೂರಕ್ಕೂ ಒಂದೇ ಕಾರಣವಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಮೂರನೆಯ ಹೆರಿಗೆಗೆ ತವರಿಗೆ ಬಂದಾಗ ಊರಿನ ನರ್ಸಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತಾನೇ ಇಲ್ವಲ್ಲಮ್ಮ ನಿನ್ನಲ್ಲಿ" ಅಂದರು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7 ಗ್ರಾಂ. ಗರ್ಭಿಣಿಗೆ ಕನಿಷ್ಠ 11 ಇರಬೇಕು, ಉಳಿದ ಹೆಂಗಸರಿಗೆ 12.

ಅಕ್ಕಿ, ಬಳಪ, ಕೆಮ್ಮಣ್ಣು, ಇದ್ದಿಲು, ಮಂಜುಗಡ್ಡೆ ಹೀಗೆ ಆಹಾರವಲ್ಲದ್ದನ್ನೋ ಬೇಯಿಸದ್ದನ್ನೋ ಬಾಯಿ ಬೇಡುವುದಕ್ಕೆ ವೈದ್ಯರು ಪೈಕಾ ಎನ್ನುತ್ತಾರೆ. ಕಬ್ಬಿಣದ ಕೊರತೆಗೂ ಇದಕ್ಕೂ ಹತ್ತಿರದ ನಂಟು. ವಿಚಿತ್ರವೆಂದರೆ, ಹಾಗೆ ತಿನ್ನುವ ಅಕ್ಕಿ, ಬಳಪಗಳಲ್ಲಿ ಕಬ್ಬಿಣ ಹೆಚ್ಚೇನೂ ಇಲ್ಲ. ಕೊರತೆ ನೀಗಿದ ಮೇಲೆ ಹಲವರಲ್ಲಿ ಆ ಚಪಲ ತಾನಾಗಿ ಬಿಟ್ಟುಹೋಗುತ್ತದೆ. ಅದು ಚಟವಲ್ಲ, ಒಳಗಿನಿಂದ ಬರುವ ಸೂಚನೆ.

ವಯಸ್ಕರ ಮೈಯಲ್ಲಿರುವ ಕಬ್ಬಿಣ ಒಟ್ಟು ಮೂರು ನಾಲ್ಕು ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಮೂರರಲ್ಲಿ ಎರಡು ಪಾಲು ರಕ್ತದ ಹಿಮೋಗ್ಲೋಬಿನ್‌ನಲ್ಲಿದ್ದು ಆಮ್ಲಜನಕ ಹೊರುವ ಕೆಲಸ ಮಾಡುತ್ತದೆ. ಇಷ್ಟು ಚಿಕ್ಕ ಗಂಟನ್ನು ದೇಹ ಬಹಳ ಜತನದಿಂದ ಬಳಸುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಮುದಿಯಾದ ಕಣಗಳನ್ನು ಒಡೆದು, ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ವಾಪಸು ತೆಗೆದು, ಹೊಸ ಕಣಗಳಿಗೆ ಕೊಡುತ್ತದೆ. ಆಹಾರದಿಂದ ದಿನಕ್ಕೆ ಒಂದೆರಡು ಮಿಲಿಗ್ರಾಂ ಮೈಗೆ ಹತ್ತಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ತಿಂಗಳ ಮುಟ್ಟು, ಬಸಿರು, ಬಾಣಂತನಗಳಲ್ಲಿ ಖರ್ಚು ಏರುತ್ತದೆ, ತಟ್ಟೆಗೆ ಬರುವುದು ಏರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಅದು ಶೇ. 48ರ ಹತ್ತಿರ. ಎಲ್ಲರದೂ ಕಬ್ಬಿಣದ ಕೊರತೆಯೇ ಅಲ್ಲ, ಆದರೆ ಅತಿ ದೊಡ್ಡ ಕಾರಣ ಅದೇ.

ಹಿಮೋಗ್ಲೋಬಿನ್ ಇಳಿಯುವುದು ಈ ಕಾಯಿಲೆಯ ಕೊನೆಯ ಹಂತ. ಅದಕ್ಕಿಂತ ಮೊದಲು ಬರಿದಾಗುವುದು ಕಣಜ, ಅಂದರೆ ಫೆರಿಟಿನ್ ಎಂಬ ಪ್ರೋಟೀನಿನೊಳಗೆ ದೇಹ ಕೂಡಿಟ್ಟ ಕಬ್ಬಿಣ. ಕಣಜ ಖಾಲಿಯಾದರೂ ರಕ್ತದ ಲೆಕ್ಕ ಕೆಲಕಾಲ ಸರಿಯಾಗಿಯೇ ಕಾಣುತ್ತದೆ. ಆ ಹೊತ್ತಿಗಾಗಲೇ ಮಿದುಳಿಗೆ ಬಿಸಿ ತಟ್ಟಿರಬಹುದು. ಉತ್ಸಾಹಕ್ಕೆ ಬೇಕಾದ ಡೋಪಮಿನ್, ಮನಸ್ಸಿನ ಸಮತೋಲಕ್ಕೆ ಬೇಕಾದ ಸೆರಟೋನಿನ್, ಎರಡನ್ನೂ ತಯಾರಿಸುವ ಕಿಣ್ವಗಳು ಕಬ್ಬಿಣವಿಲ್ಲದೆ ಕೆಲಸ ಮಾಡಲಾರವು. ಸುಸ್ತು, ಮಂಕು, ಮರೆವು, ಸಿಡಿಮಿಡಿ, ರಾತ್ರಿ ಮಲಗಿದರೆ ಕಾಲು ಆಡಿಸದೆ ಇರಲಾಗದ ಚಡಪಡಿಕೆ ಇವೆಲ್ಲ ಈ ದಾರಿಯಲ್ಲಿ ಬರಬಹುದು.

1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕಬ್ಬಿಣದ ಕೊರತೆಯಿದ್ದ, ಆದರೆ ರಕ್ತಹೀನತೆ ಇರದ ಹೈಸ್ಕೂಲು ಹುಡುಗಿಯರಿಗೆ ಎಂಟು ವಾರ ಕಬ್ಬಿಣದ ಮಾತ್ರೆ ಕೊಟ್ಟರು. ಪದಗಳನ್ನು ಕಲಿತು ನೆನಪಿಡುವ ಪರೀಕ್ಷೆಯಲ್ಲಿ ಅವರು ಬರೀ ಹುಸಿಮಾತ್ರೆ ತಿಂದವರನ್ನು ಹಿಂದಿಕ್ಕಿದರು. 2003ರಲ್ಲಿ ಪ್ರಕಟವಾದ ವರದಿಯಂತೆ ಸ್ವಿಟ್ಜರ್‌ಲೆಂಡಿನಲ್ಲಿ, ಕಾರಣ ತಿಳಿಯದ ಸುಸ್ತಿನಿಂದ ಬಳಲುತ್ತಿದ್ದ 144 ಮಹಿಳೆಯರ ಮೇಲೆ ಇಂಥದೇ ಪರೀಕ್ಷೆ ನಡೆಯಿತು. ನಾಲ್ಕು ವಾರದ ನಂತರ ಕಬ್ಬಿಣ ಪಡೆದವರ ಸುಸ್ತು ಶೇ. 29ರಷ್ಟು ಇಳಿದಿತ್ತು, ಹುಸಿಮಾತ್ರೆಯವರದು ಶೇ. 13. ಫೆರಿಟಿನ್ ಕಡಿಮೆಯಿದ್ದವರಿಗೇ ಲಾಭ ಹೆಚ್ಚು. ಇವರಲ್ಲೂ ರಕ್ತಹೀನತೆ ಇರಲಿಲ್ಲ ಎಂಬುದನ್ನು ಗಮನಿಸಿ. "ರಿಪೋರ್ಟ್ ಎಲ್ಲಾ ನಾರ್ಮಲ್, ಸುಮ್ಮನೆ ಟೆನ್ಷನ್ ಮಾಡ್ಕೋತೀರಿ" ಎಂದು ಕೇಳಿಸಿಕೊಂಡು ಮನೆಗೆ ಮರಳಿದ ಎಷ್ಟೋ ಹೆಂಗಸರು ನನಗೇ ಗೊತ್ತು. ಅವರ ಫೆರಿಟಿನ್ ನೋಡಿದವರು ಯಾರೂ ಇರಲಿಲ್ಲ.

ಹಾಗಾದರೆ ನಾವು ಕಬ್ಬಿಣ ತಿನ್ನುತ್ತಿಲ್ಲವೇ? ಹುರುಳಿ, ಅಲಸಂದೆ, ಅವರೆ, ಸೊಪ್ಪು, ಎಳ್ಳು, ಇವೆಲ್ಲ ನಮ್ಮ ಅಡುಗೆಮನೆಯಲ್ಲಿ ಇದ್ದೇ ಇವೆ. ತೊಡಕಿರುವುದು ಹೀರಿಕೆಯಲ್ಲಿ. ಮಾಂಸದಲ್ಲಿರುವ ಕಬ್ಬಿಣ ಸುಲಭವಾಗಿ ಕರುಳು ದಾಟುತ್ತದೆ. ಕಾಳು, ಧಾನ್ಯ, ಸೊಪ್ಪಿನದು ಹಾಗಲ್ಲ, ಜೊತೆಗೆ ಏನು ತಿಂದಿರಿ, ಏನು ಕುಡಿದಿರಿ ಎಂಬುದರ ಮೇಲೆ ಅದರ ಹಣೆಬರಹ ನಿಂತಿದೆ. ಅದನ್ನು ತಡೆಯುವವರಲ್ಲಿ ಚಹಾ, ಕಾಫಿ ಮುಂಚೂಣಿಯಲ್ಲಿವೆ. ಅವುಗಳ ಒಗರಿಗೆ ಕಾರಣವಾದ ಪಾಲಿಫಿನಾಲ್‌ಗಳು ಹೊಟ್ಟೆಯಲ್ಲೇ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಹಾಗೆ ಸಿಕ್ಕಿಬಿದ್ದ ಕಬ್ಬಿಣ ಮಲದಲ್ಲಿ ಹೊರಟುಹೋಗುತ್ತದೆ.

1975ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕರು ಅಲ್ಲಿನ ಭಾರತೀಯ ಮೂಲದ ಮಹಿಳೆಯರಲ್ಲಿ ಇದನ್ನು ಅಳೆದು ಫಲಿತಾಂಶ ಪ್ರಕಟಿಸಿದರು. ಅನ್ನದ ಊಟವಿರಲಿ, ಬ್ರೆಡ್ಡಿರಲಿ, ಜೊತೆಗೆ ಚಹಾ ಕುಡಿದಾಗ ಕಬ್ಬಿಣದ ಹೀರಿಕೆ ಅರ್ಧಕ್ಕಿಂತ ಕೆಳಗೆ ಕುಸಿಯಿತು. 1983ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಊಟದ ಜೊತೆಗಿನ ಒಂದು ಕಪ್ ಕಾಫಿ ಹೀರಿಕೆಯನ್ನು ಶೇ. 39ರಷ್ಟು, ಚಹಾ ಶೇ. 64ರಷ್ಟು ತಗ್ಗಿಸಿತು. ನನಗೆ ಬಹಳ ಮುಖ್ಯವೆನಿಸಿದ್ದು ಅದೇ ಅಧ್ಯಯನದ ಮತ್ತೊಂದು ಫಲಿತಾಂಶ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿ ಏನೂ ತೊಂದರೆ ಮಾಡಲಿಲ್ಲ. ಊಟವಾದ ಒಂದು ಗಂಟೆಯ ಮೇಲೆ ಕುಡಿದದ್ದು ಜೊತೆಯಲ್ಲಿ ಕುಡಿದಷ್ಟೇ ತಡೆ ಒಡ್ಡಿತು.

ಎಂದರೆ ಬೆಳಗ್ಗೆ ಎದ್ದು ಹಲ್ಲುಜ್ಜಿ ಕುಡಿಯುವ ಮೊದಲ ಲೋಟ ಕಾಫಿಯ ಮೇಲೆ ತಕರಾರಿಲ್ಲ. ತಿಂಡಿ ಒಂದು ಗಂಟೆ ತಡವಾಗಿ ಬಂದರೆ ಸಾಕು. ಇಡ್ಲಿ ಮುಗಿಸಿ ಕೈ ತೊಳೆಯುವ ಮೊದಲೇ ಬರುವ ಎರಡನೆಯ ಲೋಟವೇ ತೊಂದರೆಯದು. ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ತಿಂದು, ಅದರ ಮೇಲೊಂದು ಲೋಟ ಚಹಾ ಕುಡಿದು ಹಸಿವು ಮುಚ್ಚುವ ಹೆಂಗಸಿಗೆ ಎರಡು ಕಡೆಯಿಂದಲೂ ನಷ್ಟ. ತಟ್ಟೆಯಲ್ಲಿ ಪಲ್ಯವೂ ಕಾಳೂ ಕಡಿಮೆ, ಇದ್ದ ಅಲ್ಪ ಕಬ್ಬಿಣವೂ ಮೈಗೆ ಹತ್ತುವುದಿಲ್ಲ.

ನೆರವಾಗುವವರೂ ಅದೇ ಅಡುಗೆಮನೆಯಲ್ಲಿದ್ದಾರೆ. ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರುವ ರೂಪಕ್ಕೆ ತಿರುಗಿಸುತ್ತದೆ. ಕೋಸಂಬರಿಗೆ ನಿಂಬೆ ಹಿಂಡುವುದು, ಬಸ್ಸಾರಿನ ಊಟದ ಪಕ್ಕಕ್ಕೆ ಹಸಿ ನೆಲ್ಲಿಕಾಯಿ ಚಟ್ನಿ, ಊಟವಾದ ಮೇಲೆ ಕಾಫಿಯ ಬದಲು ಒಂದು ಸೀಬೆಹಣ್ಣು, ಇವೆಲ್ಲ ರುಚಿಯ ಮಾತಷ್ಟೇ ಅಲ್ಲ. ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಕುದಿಸಿದರೆ ಸತ್ವ ಹೋಗುತ್ತದೆ. ಕಾಳು, ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿದರೆ, ದೋಸೆ ಹಿಟ್ಟು ಹುಳಿ ಬಂದರೆ, ಕಬ್ಬಿಣಕ್ಕೆ ಅಡ್ಡಬರುವ ಫೈಟೇಟ್ ತಗ್ಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಾಕಿದ ಗೊಜ್ಜು ಕುದಿಸಿದರೆ ಬಾಣಲೆಯ ಕಬ್ಬಿಣವೇ ಅಷ್ಟಿಷ್ಟು ಇಳಿಯುತ್ತದೆ. ನಾನ್‌ಸ್ಟಿಕ್ ಬಂದ ಮೇಲೆ ಅಟ್ಟ ಸೇರಿದ ಬಾಣಲೆಯನ್ನು ಕೆಳಗಿಳಿಸಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಬೀಟ್‌ರೂಟ್ ಮಾತ್ರ ಬಣ್ಣದಿಂದ ಹೆಸರು ಮಾಡಿದ್ದು. 100 ಗ್ರಾಮಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಅದರಲ್ಲಿಲ್ಲ.

ಊಟದಿಂದ ಮನಸ್ಸಿಗೆ ಬಲ ಬರುವುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿಯಿದೆ. ಮಹಾರಾಷ್ಟ್ರದಲ್ಲಿ 12ರಿಂದ 16 ವರ್ಷದ ಮಕ್ಕಳಿಗೆ ಆರು ತಿಂಗಳು ಸಜ್ಜೆ ರೊಟ್ಟಿ ತಿನ್ನಿಸಿದರು. ಕೆಲವರಿಗೆ ಸಾಮಾನ್ಯ ಸಜ್ಜೆ, ಕೆಲವರಿಗೆ ತಳಿ ಸುಧಾರಣೆಯಿಂದ ಕಬ್ಬಿಣ ಹೆಚ್ಚಿಸಿದ ಸಜ್ಜೆ. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡನೆಯ ಗುಂಪಿನ ಮಕ್ಕಳ ಗಮನ, ನೆನಪು ಎರಡೂ ಚುರುಕಾಗಿದ್ದವು. ಉತ್ತರ ಕರ್ನಾಟಕದ ರೊಟ್ಟಿಬುಟ್ಟಿಗೆ ಇದು ಹೊರಗಿನ ಸುದ್ದಿಯಲ್ಲ.

ಆದರೆ ಕಣಜ ಪೂರ್ತಿ ಬರಿದಾದವರಿಗೆ ಸೊಪ್ಪು, ನಿಂಬೆ ಸಾಲದು. ಮಾತ್ರೆ ಬೇಕೇ ಬೇಕು. ಅದಕ್ಕೂ ಒಂದು ಹದವಿದೆ. ಮಾತ್ರೆ ನುಂಗಿದ ಮೇಲೆ ಯಕೃತ್ತಿನಿಂದ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರೆ ಮುಚ್ಚುತ್ತದೆ. 2017ರಲ್ಲಿ ಜ್ಯೂರಿಚ್‌ನ ಸಂಶೋಧಕರು, ದಿನ ಬಿಟ್ಟು ದಿನ ಮಾತ್ರೆ ತೆಗೆದುಕೊಂಡ ಯುವತಿಯರಲ್ಲಿ ಹೀರಿಕೆ ಹೆಚ್ಚೆಂದು ತೋರಿಸಿದರು. ಹಾಗೆಂದು ಗರ್ಭಿಣಿಯರು ತಾವೇ ದಿನ ಬಿಡಬಾರದು, ವೈದ್ಯರು ಹೇಳಿದಂತೆಯೇ ನಡೆಯಬೇಕು. ಮಾತ್ರೆ ತಿಂದಾಗ ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ಬಿಡುವವರೂ ಇದ್ದಾರೆ. ಚಹಾದ ಜೊತೆ ನುಂಗಿದರೆ ಮಾತ್ರೆಯ ಕಬ್ಬಿಣವೂ ಮೈಗೆ ಹತ್ತುವುದು ತಗ್ಗುತ್ತದೆ. ಶಾಲೆಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯೂ ಕಬ್ಬಿಣದ್ದೇ. ಕಿಟಕಿಯಾಚೆ ಎಸೆಯದಂತೆ ಮಕ್ಕಳಿಗೆ ಬಿಡಿಸಿ ಹೇಳಿ.

ಎಲ್ಲ ಬೇಸರಕ್ಕೂ ಕಬ್ಬಿಣ ಮದ್ದಲ್ಲ. ಖಿನ್ನತೆ ಬೇರೆಯದೇ ಕಾಯಿಲೆ, ಅದಕ್ಕೆ ಮನೋವೈದ್ಯರ ಚಿಕಿತ್ಸೆ ಬೇಕು, ನಡೆಯುತ್ತಿದ್ದರೆ ನಿಲ್ಲಿಸಬಾರದು. ರಕ್ತಹೀನತೆಯ ಹಿಂದೆ ಬಿ12 ಕೊರತೆ, ಕೊಕ್ಕೆಹುಳು, ಮೂಲವ್ಯಾಧಿ, ಅತಿಯಾದ ಮುಟ್ಟಿನ ಸ್ರಾವ ಇರಬಹುದು. ಮೂಲ ಹುಡುಕದೆ ಮಾತ್ರೆ ನುಂಗಿಸುವುದೂ ತಪ್ಪೇ.

ಅತ್ತೆ ಮಾತ್ರೆ ಶುರುಮಾಡಿದ ಮೇಲೆ ಮೊದಲು ಹೋದದ್ದು ಅಕ್ಕಿಯ ಆಸೆ. ಬಾಣಂತನ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಚಾಪೆಯೂ ಬೇಡವಾಯಿತು. ಎಂಟು ವರ್ಷ ಅವರನ್ನು ಸೋಮಾರಿ ಅಂದವರಲ್ಲಿ ನಮ್ಮ ಮನೆಯವರೂ ಇದ್ದರು, ಆ ಮಾತಿಗೆ ನಾವು ಯಾರೂ ಅವರ ಕ್ಷಮೆ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಸುಮ್ಮಸುಮ್ಮನೆ ದಣಿಯುತ್ತಿದ್ದರೆ, ಸಿಡುಕುತ್ತಿದ್ದರೆ, ಕದ್ದು ಅಕ್ಕಿಯನ್ನೋ ಬಳಪವನ್ನೋ ಅಗಿಯುತ್ತಿದ್ದರೆ ನಗಬೇಡಿ, ಗದರಬೇಡಿ. ಈ ವಾರವೇ ಜೊತೆಯಲ್ಲಿ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಸಾಧ್ಯವಾದರೆ ಫೆರಿಟಿನ್ ಕೂಡ ನೋಡಿಸಿ.