ಪದವಿಯೂ ಮೊದಲ ಉದ್ಯೋಗವೂ

ಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಮಗಳೊಬ್ಬಳು ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದಳೆಂದರೆ ಮನೆಯವರು ಸಕ್ಕರೆ ಹಂಚುವರು. ಮರುದಿನವೇ ಉದ್ಯೋಗವೆಲ್ಲಿ ಎಂಬ ಪ್ರಶ್ನೆಯು ಏಳುವುದು. ಇಂಥ ಸೋದರಿಯರು ಮೊದಲು ತಿಳಿಯತಕ್ಕ ವಿಷಯವೊಂದನ್ನು ಮಾತ್ರ ಇಲ್ಲಿ ವಿವರಿಸುವೆವು.

2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಸಂವಿಧಾನದಲ್ಲಿ 371-ಜೆ ಎಂಬ ವಿಧಿಯು ಸೇರಿತು. ಅದರಂತೆ ಕಲ್ಯಾಣ ಕರ್ನಾಟಕದ ಸರಕಾರೀ ಹುದ್ದೆಗಳಲ್ಲಿ ‘ಎ’ ಮತ್ತು ‘ಬಿ’ ವೃಂದಗಳಲ್ಲಿ ನೂರಕ್ಕೆ 75, ‘ಸಿ’ಯಲ್ಲಿ 80, ‘ಡಿ’ಯಲ್ಲಿ 85 ಸ್ಥಾನಗಳು ಈ ಸೀಮೆಯವರಿಗೆ ಮೀಸಲಾದುವು. ನಮ್ಮ ತಾಲ್ಲೂಕು 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ಸೇರಿದರೂ ಈ ಹಕ್ಕು ಅಳಿಯಲಿಲ್ಲ. 2022ರಲ್ಲಿ ಕರೆದ 15,000 ಪದವೀಧರ ಶಿಕ್ಷಕರ ಹುದ್ದೆಗಳಲ್ಲಿ 5,000 ಈ ಭಾಗದವೇ ಆಗಿದ್ದುವು.

ಆದರೆ ಹಕ್ಕಿದ್ದ ಮಾತ್ರಕ್ಕೆ ಸಾಲದು. ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪತ್ರವು ಕೈಯಲ್ಲಿರಬೇಕು. ಹುಟ್ಟಿನಿಂದಾಗಲಿ ವಾಸದಿಂದಾಗಲಿ ಈ ಸೀಮೆಗೆ ಸೇರಿದವರಿಗೆ ಅದು ದೊರೆಯುವುದು. ನಮ್ಮವರಿಗೆ ತೊಡಕು ಇಲ್ಲಿಯೇ. ತುಂಗಭದ್ರೆಯ ಆಚೆಯ ದಡವು ಹಾವೇರಿ ಜಿಲ್ಲೆ; ಅದು ಈ ವಿಧಿಗೆ ಒಳಪಟ್ಟಿಲ್ಲ. ಚೊಚ್ಚಲ ಹೆರಿಗೆಯು ತವರಿನಲ್ಲಾಗುವುದು ವಾಡಿಕೆಯಷ್ಟೆ! ತಾಯಿಯ ತವರು ಹೊಳೆಯಾಚೆಯಾದರೆ ಮಗಳ ಜನನಪತ್ರವೂ ಆಚೆಯದೇ. ಅಂಥವಳು ವಾಸದ ದಾಖಲೆಗಳನ್ನು ಹುಡುಕಿ ಜೋಡಿಸಬೇಕಾಗುವುದು. ಅದಕ್ಕೆ ದಿನಗಳು ಹಿಡಿಯುವುವು. ಒಳ್ಳೆಯ ಅಂಕಗಳಿದ್ದೂ ಈ ಪತ್ರವಿಲ್ಲದೆ ಅರ್ಜಿಯ ಕಡೆಯ ದಿನವನ್ನು ಕಳೆದುಕೊಂಡು ಅತ್ತವಳನ್ನು ನಾವು ಬಲ್ಲೆವು. ಆದುದರಿಂದ, ಸೋದರಿಯರೇ, ಜಾಹೀರಾತನ್ನು ಕಾಯದೆ ಕಾಲೇಜಿನ ಕೊನೆಯ ವರ್ಷದಲ್ಲಿಯೇ ತಂದೆಯವರೊಡನೆ ನಾಡಕಚೇರಿಗೆ ಹೋಗಿ ಅರ್ಜಿ ಸಲ್ಲಿಸಿರಿ.