ಹೆಬ್ಬೆರಳಿನ ನೆನಪು

ಆರಿದ್ರಾ ಮಳೆಗೆ ಇನ್ನೂ ತಿಂಗಳೊಪ್ಪತ್ತು ಉಳಿದಿರುವಾಗಲೇ ಚಳ್ಳಕೆರೆ ಸೀಮೆಯ ಮನೆಗಳ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ರಾಶಿಯಾಗಿ ಬೀಳುತ್ತಿತ್ತು. ಅಜ್ಜಿಯಿಂದ ಮೊದಲುಗೊಂಡು, ಅಕ್ಷರಾಭ್ಯಾಸವೂ ಆಗದ ಮೊಮ್ಮಗುವಿನವರೆಗೆ ಮನೆಮಂದಿಯೆಲ್ಲ ಅದರ ಸುತ್ತ ಕುಳಿತು, ಒಂದೊಂದೇ ಕಾಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಅದುಮಿ ಒಡೆದು, ಕಾಳನ್ನು ಮೊರಕ್ಕೂ ಹೊಟ್ಟನ್ನು ಮಂಕರಿಗೂ ಹಾಕುತ್ತಿದ್ದೆವು. ಯಂತ್ರಕ್ಕೆ ಕೊಟ್ಟರೆ ಗಂಟೆಯೊಳಗೆ ಮುಗಿಯುವ ಕೆಲಸವೇ ಅದು. ಆದರೆ ಯಂತ್ರದ ಪೆಟ್ಟಿಗೆ ಕಾಳಿನ ಮೇಲಣ ತೆಳುವಾದ ಕೆಂಪು ಸಿಪ್ಪೆ ಹರಿದುಹೋಗುವುದೆಂದೂ, ಹಾಗೆ ಗಾಯಗೊಂಡ ಬೀಜ ಮಣ್ಣಿನಲ್ಲಿ ಮೊಳೆಯದೆ ಕೊಳೆಯುವುದೆಂದೂ ಬಲ್ಲ ಹಿರಿಯರು ಬೀಜದ ಕಾಯನ್ನು ಗಿರಣಿಯ ಹೊಸ್ತಿಲು ದಾಟಿಸುತ್ತಿರಲಿಲ್ಲ. "ನಿಧಾನಕ್ಕೆ ಸುಲಿಯಪ್ಪ, ಮೇಲಿನ ಸಿಪ್ಪೆ ಕಿತ್ತೋದ್ರೆ ಬೀಜ ಹುಟ್ಟಲ್ಲ" ಎಂದು ಅಜ್ಜಿ ಎಚ್ಚರಿಸುತ್ತಲೇ ಇರುವಳು. ಮೂರನೆಯ ದಿನಕ್ಕೆ ಹೆಬ್ಬೆರಳು ಊದಿ, ಉಗುರಿನ ಸಂದಿಯಲ್ಲಿ ರಕ್ತ ಜಿನುಗಿ, ಹಳೆಯ ಸೀರೆಯ ಚಿಂದಿ ಸುತ್ತಿಕೊಂಡು ಎಡಗೈಯಿಂದ ಸುಲಿಯಲು ಅಭ್ಯಾಸ ಮಾಡಬೇಕಾಗುತ್ತಿತ್ತು.

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಬೆಸ್ತರ ಹಳ್ಳಿಗಳಲ್ಲಿ ಬೆಳೆದವರ ಬಾಲ್ಯವನ್ನು ಕುರಿತು ಓದುತ್ತಿದ್ದಾಗ ನನ್ನ ಕಣ್ಣಮುಂದೆ ಬಂದು ನಿಂತುದು ಈ ಪಡಸಾಲೆಯೇ. ಅಲ್ಲಿನ ಮಕ್ಕಳು ಶಾಲೆಗೆ ಹೊರಡುವ ಮುನ್ನ ತಾಯಂದಿರ ಪಕ್ಕದಲ್ಲಿ ಕುಳಿತು, ಕಡಲ ಚಿಪ್ಪುಗಳನ್ನು ಬಿಡಿಸಿ ಒಳಗಣ ಮಾಂಸವನ್ನು ಗಾಳಗಳಿಗೆ ಚುಚ್ಚುತ್ತಿದ್ದರಂತೆ. ಒಂದು ಹಗ್ಗಕ್ಕೆ ಸಾವಿರಕ್ಕೂ ಮಿಕ್ಕ ಗಾಳಗಳು. ವರ್ಷಕ್ಕೆ 500 ಮಿಲಿಮೀಟರು ಮಳೆ ಬಿದ್ದರೆ ಪುಣ್ಯವೆಂದು ಭಾವಿಸುವ ನಮ್ಮ ಬಯಲಿಗೂ ಆ ಕಡಲಂಚಿಗೂ ಮೇಲುನೋಟಕ್ಕೆ ಯಾವ ಸಾದೃಶ್ಯವೂ ತೋರದು. ಆದರೂ ಊರಿನ ಕಸುಬು ಮಗುವಿನೊಳಕ್ಕೆ ಇಳಿಯುವುದು ಬೆರಳ ತುದಿಯಿಂದಲೇ ಎಂಬ ವಿಷಯದಲ್ಲಿ ಎರಡು ಸೀಮೆಗಳೂ ಒಂದೇ ಎಂದು ನನಗೆ ದೃಢವಾಗಿದೆ.

ಎಣ್ಣೆ ಗಿರಣಿಗಳ ಬಾಹುಳ್ಯದಿಂದ ಎಣ್ಣೆಯ ನಗರವೆಂದು ಪ್ರಖ್ಯಾತವಾಗಿದ್ದ ಚಳ್ಳಕೆರೆಯನ್ನು, ಬಸ್ಸಿನಲ್ಲಿ ಕಣ್ಣುಮುಚ್ಚಿ ಕುಳಿತ ಮಗುವೂ ಹಿಂಡಿಯ ವಾಸನೆಯಿಂದಲೇ ಗುರುತಿಸುತ್ತಿತ್ತು. 1994ರಲ್ಲಿ ತಾಳೆಯೆಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ, ಮೇಲಿಂದ ಮೇಲೆ ಬಂದ ಬರವೂ ಕೂಡಿಕೊಂಡು, ಅನೇಕ ಗಿರಣಿಗಳು ನಿಂತುಹೋದುವು, ವಾಸನೆಯೂ ತೆಳುವಾಯಿತು.

ಕುರುಬರ ಕೇರಿಯ ವಾಸನೆಯೇ ಬೇರೆ. ದಖ್ಖನಿ ಕುರಿಯ ಉಣ್ಣೆಯನ್ನು ಹೆಂಗಸರು ನೂತು, ಗಂಡಸರು ಮಗ್ಗದಲ್ಲಿ ಕರಿಯ ಕಂಬಳಿಯನ್ನು ನೇಯುವಾಗ, ನೂಲಿಗೆ ಬಿಗುವು ಬರಲೆಂದು ಹುಣಸೆಬೀಜದ ಗಂಜಿಯನ್ನು ಹಚ್ಚುವುದುಂಟು. ಹೊಸ ಕಂಬಳಿಯನ್ನು ಹೊದ್ದವರಿಗೆ ಆ ಬಿಗುವಿನ ಚುಚ್ಚುವಿಕೆ ಚೆನ್ನಾಗಿ ಗೊತ್ತು. ಗಂಜಿಗೆಂದು ಕೂಡಿಟ್ಟ ಬೀಜದಲ್ಲಿ ಒಂದು ಹಿಡಿಯನ್ನು ಬೇಡಿಯೋ ಬೇಡದೆಯೋ ತಂದು, ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಬಂಡೆಗೆ ಉಜ್ಜಿ, ಜಗುಲಿಯ ಮೇಲೆ ಚೌಕಾಬಾರದ ಮನೆ ಬರೆದು ಆಡುತ್ತಿದ್ದೆವು. ಒಂದೇ ಬೀಜ ಹಿರಿಯರ ಮಗ್ಗಕ್ಕೂ ನಮ್ಮ ಆಟಕ್ಕೂ ಸಲ್ಲುತ್ತಿತ್ತು.

ಮೊಳಕಾಲ್ಮೂರಿನಲ್ಲಿ ನನ್ನ ಸೋದರತ್ತೆಯ ಮನೆ. ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಅಲ್ಲಿನ ರೇಷ್ಮೆ ಸೀರೆಯ ಕೀರ್ತಿ ದೊಡ್ಡದು; ಆದರೆ ಆ ಸೀರೆಯ ಆರಂಭ ನನ್ನ ಪಾಲಿಗೆ ಗೋಡೆಯ ಬದಿಯ ರಾಟೆ. ಅತ್ತೆಯ ಮಗಳು ಬಲಗೈಯಲ್ಲಿ ರಾಟೆಯನ್ನು ತಿರುಗಿಸುತ್ತ, ಎಡಗೈಯ ಎರಡು ಬೆರಳುಗಳ ನಡುವೆ ಕೂದಲಿಗಿಂತ ನವಿರಾದ ಎಳೆಯನ್ನು ಹಾಯಿಸುತ್ತ, ಲಾಳಿಗೆ ಬೇಕಾದ ಕಂಡಿಕೆಗಳನ್ನು ಸುತ್ತಿ ಸುತ್ತಿ ಮಾವನ ಕೈಗೆ ಒದಗಿಸುವಳು. ಎಳೆ ತುಂಡಾದುದು ಕಣ್ಣಿಗೆ ಬೀಳುವ ಮೊದಲೇ ಅವಳ ಬೆರಳಿಗೆ ತಿಳಿಯುತ್ತಿತ್ತು. ಹೊಸೆದು ಕೂಡಿಸಿದರೆ ಗಂಟೆಲ್ಲಿ ಎಂದು ನಾನು ಹುಡುಕಿ ಸೋಲುತ್ತಿದ್ದೆ. ಐದನೆಯ ತರಗತಿಗೆ ಅವಳ ಓದು ನಿಂತಿತು. ಮಗ್ಗವೊಂದಕ್ಕೆ ಮನೆಯ ಕೈಗಳೆಲ್ಲ ಬೇಕು, ಹೊರಗಿನವರಿಗೆ ಕೂಲಿ ಕೊಡುವ ಶಕ್ತಿಯಿಲ್ಲ ಎಂಬುದು ಕಾರಣ. ರಜೆಗೆ ಹೋಗಿ ನಾಲ್ಕು ಕಂಡಿಕೆ ಸುತ್ತಿ ನಲಿದು ಬಂದ ನನ್ನ ನೆನಪನ್ನು ಆ ಅಕ್ಕನ ಎದುರಿನಲ್ಲಿ ಸವಿಮಾತಿನಿಂದ ಹೇಳಲು ನನಗೆ ಇಂದಿಗೂ ನಾಲಗೆ ಬಾರದು.

ಅದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಊರವರಿಗಾದರೋ ಬ್ರಹ್ಮಗಿರಿಯದು ಅಕ್ಷರಗುಂಡು. ಜಟಿಂಗರಾಮೇಶ್ವರದ ಬಂಡೆ, ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ, ಬಳೆಗಾರ ಗುಂಡು. ತಾಯಿತಂದೆಯರ ಮಾತನ್ನು ಕೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಸಾರುವ ಕಲ್ಲಿನ ಮಗ್ಗುಲಲ್ಲೇ, ತಾಯಿತಂದೆಯರ ಕೈ ಬಿಡಿಸಿಕೊಂಡು ಬಂದ ಮಕ್ಕಳು ಆಡಿದ್ದಾರೆ. ಅದನ್ನು ಬರೆದ ಲಿಪಿಕಾರ ಚಪಡನು, ಬ್ರಾಹ್ಮಿಯ ಶಾಸನದ ಕೊನೆಯಲ್ಲಿ ತನ್ನ ವೃತ್ತಿಯ ಹೆಸರನ್ನು ದೂರದ ವಾಯವ್ಯದ ಖರೋಷ್ಠೀ ಲಿಪಿಯಲ್ಲಿ ಬರೆದಿರುವನು. ಅವನ ಬೆರಳಿಗೂ ಬಾಲ್ಯದಲ್ಲಿ ಕಲಿತ ಅಕ್ಷರದ ನೆನಪು ಬಂದಿದ್ದೀತೆಂದು ಊಹಿಸುವುದು ನನಗೆ ಪ್ರಿಯ.

ಕಡಲಿನ ಮಕ್ಕಳಿಗೆ ನೀರಿನ ವಿಸ್ತಾರವಿದ್ದಂತೆ ನಮಗಿದ್ದುದು ಕಾವಲಿನ ವಿಸ್ತಾರ. ಅಮೃತಮಹಲ್ ದನಗಳ ಮೇವಿಗೆಂದು ಅರಸರ ಕಾಲದಿಂದ ಕಾದಿರಿಸಿದ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಹುಲ್ಲು ಮಳೆಗಾಲದ ಗಾಳಿಗೆ ಅಲೆಯೇಳುವಾಗ, ಕೃಷ್ಣಮೃಗಗಳು ಅದರ ಮೇಲೆ ತೇಲಿ ಹೋದಂತೆ ಕಾಣುತ್ತಿದ್ದುವು. ಈಗ ಅಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಗೋಡೆಗಳೆದ್ದಿವೆ. ದೇಶಕ್ಕೆ ಆ ಸಂಸ್ಥೆಗಳು ಬೇಕೆಂಬುದನ್ನು ಒಪ್ಪುತ್ತೇನೆ. ದನ ಕಾಯುವ ಹುಡುಗನ ದಿಗಂತ ಅಲ್ಲಿಗೇ ನಿಂತುಹೋದುದು ಮಾತ್ರ ನನಗೆ ನೋವಿನ ಸಂಗತಿ.

ಇನ್ನು ವೇದಾವತಿ. ನಾವು ಕಂಡ ನದಿಯೆಂದರೆ ಮರಳು. ಮೊಣಕೈ ಮುಳುಗುವಷ್ಟು ಆಳಕ್ಕೆ ಅಂಗೈಯಿಂದ ತೋಡಿ, ವರತೆಯಲ್ಲಿ ಕದಡಿದ ನೀರು ತಿಳಿಯಾಗುವವರೆಗೆ ಕಾದು, ಬೊಗಸೆಯಲ್ಲಿ ಮೊಗೆದು ಕುಡಿಯುತ್ತಿದ್ದೆವು. ಮೇಲ್ಗಡೆ ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತೆಂದು ಅಜ್ಜಿ ಹೇಳುವುದನ್ನು ಪುರಾಣವೆಂದು ಕೇಳಿದ್ದೆವು. ಎಂಬತ್ತೊಂಬತ್ತು ವರ್ಷಗಳ ತರುವಾಯ, 2022ರ ಸೆಪ್ಟೆಂಬರಿನಲ್ಲಿ ಅದು ಮತ್ತೆ ಕೋಡಿ ಬಿದ್ದಿತು. ನೀರು ನೋಡಲು ನಾನೂ ಹೋದೆ. ದಡದಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ಬಗ್ಗಿ, ಕೆಂಪಗೆ ಹರಿಯುವ ನೀರಿನಲ್ಲಿ ಕೈಯನ್ನು ಅದ್ದಿ, ಬೆರಳುಗಳನ್ನು ಅಗಲಿಸಿ, ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು.