ಹೆತ್ತದ್ದು ಒಂಬತ್ತು, ಹೆಸರು ಆರು

ಹೋದ ತಿಂಗಳು ಮದ್ರಸದ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಹಿರಿಯರನ್ನು ಕೇಳಿ ಕುಟುಂಬದವರ ಹೆಸರು ಬರೆದುಕೊಂಡು ಬನ್ನಿ ಅಂತ. ಒಬ್ಬ ಹುಡುಗಿಯ ಹಾಳೆಯಲ್ಲಿ ಮುತ್ತಜ್ಜಿಯ ಮಕ್ಕಳ ಆರು ಹೆಸರು, ಅದರ ಕೆಳಗೆ ಮೂರು ಖಾಲಿ ಗೆರೆ. ಇದೇನೆಂದು ಕೇಳಿದೆ.

"ಉಸ್ತಾದ್, ಅವು ಹೆಸರಿಡುವ ಮೊದಲೇ ತೀರಿಹೋದದ್ದಂತೆ. ಆದ್ರೂ ಗೆರೆ ಹಾಕು ಅಂತ ಅಜ್ಜಿ ಹೇಳಿದ್ರು."

ಆ ಮುತ್ತಜ್ಜಿ ಹೆತ್ತದ್ದು 1940-50ರ ದಶಕಗಳಲ್ಲಿ. ನಮ್ಮ ಜಿಲ್ಲೆ ಆಗ ಮದರಾಸಿಗೆ ಸೇರಿತ್ತು. ಆ ಕಾಲದ ಸ್ಥಿತಿ 1946ರ ಭೋರ್ ಸಮಿತಿಯ ವರದಿಯಲ್ಲಿದೆ. 1937ರಲ್ಲಿ ಬ್ರಿಟಿಷ್ ಭಾರತದಲ್ಲಿ ಹುಟ್ಟಿದ 1,000 ಮಕ್ಕಳಲ್ಲಿ 162 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಹೋದವು. ಇಂಗ್ಲೆಂಡಿನಲ್ಲಿ ಅದು 58. ತಾಯಂದಿರ ಸಾವು 1,000 ಹೆರಿಗೆಗೆ ಸುಮಾರು 20, ವರ್ಷಕ್ಕೆ ಎರಡು ಲಕ್ಷ. ಅಂದರೆ ಐವತ್ತು ಹೆರಿಗೆಗೆ ಒಬ್ಬ ತಾಯಿ. ಎಂಟೊಂಬತ್ತು ಹೆರುತ್ತಿದ್ದ ನಮ್ಮ ಅಜ್ಜಿಯಂದಿರು ಎಷ್ಟು ಸಲ ಸಾವಿನ ಬಾಗಿಲಿಗೆ ಹೋಗಿ ಬಂದಿರಬೇಕು!

ಈ ಲೆಕ್ಕವೂ ಪೂರ್ತಿಯಲ್ಲ. ಜನನ ಮರಣ ಸರಿಯಾಗಿ ದಾಖಲಾಗುತ್ತಿಲ್ಲ ಎಂದು ಸಮಿತಿಯೇ ಒಪ್ಪಿಕೊಂಡಿತ್ತು. ಹಳ್ಳಿಯಲ್ಲಿ ಬರೆದುಕೊಳ್ಳಬೇಕಾದವರು ಪಟೇಲರು. ಮನೆಯಲ್ಲೇ ಹುಟ್ಟಿ ಮೂರನೇ ದಿನ ಹೋದ ಮಗುವನ್ನು ತಂದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಮಸೀದಿಗೆ ಎತ್ತಿಕೊಂಡು ಬರುತ್ತಿದ್ದ. ಆಮೇಲೆ ಪಟೇಲರ ಮನೆಗೆ ಯಾರು ಹೋಗುವುದು? ಹುಟ್ಟೂ ಇಲ್ಲ, ಸಾವೂ ಇಲ್ಲ.

ಕಾರಣಗಳು ಈಗ ನಮಗೆ ಗೊತ್ತುಂಟು. ಶುಚಿಯಿಲ್ಲದ ಕತ್ತಿಯಲ್ಲಿ ಹೊಕ್ಕುಳ ಬಳ್ಳಿ ಕೊಯ್ದರೆ ಧನುರ್ವಾಯು. ಏಳೆಂಟನೇ ದಿನಕ್ಕೆ ಮಗುವಿನ ಬಾಯಿ ಬಿಗಿದು ಹಾಲು ಕುಡಿಯಲಾಗುವುದಿಲ್ಲ. ಆಗ ದೃಷ್ಟಿ ತಾಗಿದ್ದು ಅಂತ ನೂಲು ಮಂತ್ರಿಸಿ ಕಟ್ಟಿದ್ದೂ ಉಂಟು, ನಾವು ಉಸ್ತಾದರೇ ಕಟ್ಟಿದ್ದು. ತಾಯಿಗೆ ರಕ್ತಸ್ರಾವ, ಬಾಣಂತಿ ಜ್ವರ, ಮಲೇರಿಯ, ಮೊದಲೇ ರಕ್ತ ಕಡಿಮೆ. ಮಂಗಳೂರಿನಲ್ಲಿ ಲೇಡಿ ಗೋಷನ್ ಆಸ್ಪತ್ರೆ ಇತ್ತು, ನಿಜ. ಆದರೆ ಮಳೆಗಾಲದ ರಾತ್ರಿ ಹೊಳೆಯ ಕಡವು ದಾಟಿಸುವವರು ಬೇಕಲ್ಲ?

ನಮ್ಮ ಶಾಫಿ ಫಿಕ್ಹ್‌ನಲ್ಲಿ ಇಂಥ ಮಗುವಿನ ವಿಷಯದಲ್ಲಿ ಮೊದಲು ಕೇಳುವ ಪ್ರಶ್ನೆ: ಹುಟ್ಟಿದಾಗ ಅತ್ತಿತಾ? ಅತ್ತಿದ್ದರೆ, ಜೀವದ ಬೇರೆ ಗುರುತು ಕಂಡಿದ್ದರೂ ಸರಿ, ದೊಡ್ಡವರಿಗೆ ಮಾಡಿದ ಹಾಗೆಯೇ ಸ್ನಾನ, ಕಫನ್, ಮಯ್ಯಿತ್ ನಮಾಝ್. ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ಒಪ್ಪಿದ ವ್ಯಾಖ್ಯೆಯೂ ಹೆಚ್ಚುಕಡಿಮೆ ಅದೇ, ಉಸಿರು ಅಥವಾ ಜೀವದ ಯಾವ ಗುರುತು ಕಂಡರೂ ಅದು ಜೀವಂತ ಜನನ. ಹಾಗಾಗಿ ನಮಾಝ್‌ಗೆ ನಿಂತವರಿಗೆ ಆ ಮಗು ಇತ್ತು, ಸರಕಾರದ ಪುಸ್ತಕಕ್ಕೆ ಇರಲಿಲ್ಲ.

2020ರಲ್ಲಿ ಕರ್ನಾಟಕದಲ್ಲಿ ಸಾವಿರಕ್ಕೆ 19 ಶಿಶುಗಳ ಸಾವು. 162 ಎಲ್ಲಿ, 19 ಎಲ್ಲಿ.

ಅಜ್ಜಿಗೆ ತಮ್ಮ ಉಮ್ಮ ಹೇಳುತ್ತಿದ್ದ ಕ್ರಮ ನೆನಪಿದೆಯಾ, ಕೇಳಿ ಬಾ ಅಂದೆ. ಮರುದಿನ ಹುಡುಗಿ ಹೊಸ ಹಾಳೆ ತಂದಳು. ಖಾಲಿ ಗೆರೆಗಳು ಈಗ ಕೊನೆಯಲ್ಲಿಲ್ಲ. ಎರಡನೆಯದು, ಐದನೆಯದು, ಎಂಟನೆಯದು, ಹೆಸರುಗಳ ನಡುವೆ.